ದಯಾಮಣಿ ಸಿಸ್ಟರ್ ಅವರ ಜೀವನಚರಿತ್ರೆ ಓದಿದ ಮಧ್ಯಾಹ್ನ

ಪ್ರಾರ್ಥನಾ ಕೂಟಗಳಲ್ಲಿ ಕೆಲವರು ಎದ್ದು ನಿಂತು, "ಆ ಹೊತ್ತು ಮಾತಾಡಿದ್ದು ನಾನಲ್ಲ, ನನ್ನ ಬಾಯಿ ತಾನೇ ಮಾತಾಡಿತು" ಎಂದು ಸಾಕ್ಷಿ ಹೇಳುವುದುಂಟು. ಅಂಥವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಮನೆಗೆ ಬಂದು ಹೆಂಡತಿಯ ಮುಂದೆ ಅವರ ಧ್ವನಿಯನ್ನು ಅನುಕರಿಸಿ ತೋರಿಸಿದ್ದೂ ಉಂಟು. ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯಲ್ಲಿ, ಹುಟ್ಟಿದಾಗಿನಿಂದಲೂ ಕ್ರೈಸ್ತ. ನಮ್ಮದು ಕೀರ್ತನೆ ಹಾಡಿ, ವಾಕ್ಯ ಓದಿ, ಪ್ರಸಂಗ ಕೇಳಿ, ಊಟದ ಹೊತ್ತಿಗೆ ಮನೆ ಸೇರುವ ಹಳೆಯ ಕನ್ನಡ ಸಭೆ. ನಾಲಿಗೆ ವಶ ತಪ್ಪುವುದೆಲ್ಲ ಬೇರೆ ಕಡೆಯ ಮಾತು ಎಂದು ತಿಳಿದಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಡೆದ ಸಂಗತಿಯ ನಂತರ ಹಾಗೆ ನಗುವುದನ್ನು ಬಿಟ್ಟಿದ್ದೇನೆ. ಅದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ನಂಬಿ ಎಂದು ಯಾರನ್ನೂ ಕೇಳುವುದಿಲ್ಲ. ನನಗೇ ಅದು ಇನ್ನೂ ಬಗೆಹರಿದಿಲ್ಲ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ತೀರಿಕೊಂಡರೆ, ಪೆಟ್ಟಿಗೆಯನ್ನು ದೇವಾಲಯದೊಳಗೆ ತಂದಿಟ್ಟು, ಮಣ್ಣಿಗೆ ಒಯ್ಯುವ ಮೊದಲು ಅವರ ಜೀವನಚರಿತ್ರೆಯನ್ನು ಓದುತ್ತಾರೆ. ದೊಡ್ಡದೇನಲ್ಲ, ಒಂದು ಹಾಳೆ. ಎಲ್ಲಿ ಹುಟ್ಟಿದರು, ಯಾವಾಗ ದೀಕ್ಷಾಸ್ನಾನವಾಯಿತು, ಏನು ಉದ್ಯೋಗ, ಸಭೆಗೆ ಏನು ಮಾಡಿದರು, ಯಾವಾಗ ಕರ್ತನಲ್ಲಿ ನಿದ್ರಿಸಿದರು. ಅದನ್ನು ಬರೆದು ಓದುವ ಕೆಲಸ ನನ್ನ ಪಾಲಿಗೆ ಬಂದು ಬಹಳ ಕಾಲವಾಗಿತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆಮೇಲೆ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ ಅಲ್ಲೇ ಮುದುಕನಾದೆ. ಬೇರೆಯವರ ಬರಹ ಜೋಡಿಸಿ ಜೋಡಿಸಿ ನನಗೂ ನಾಲ್ಕು ಸಾಲು ಬರೆಯಲು ಬಂದಿತ್ತು. ಗಂಟಲೂ ಚೆನ್ನಾಗಿತ್ತು. ಮನೆಯವರು ಹೇಳಿದ್ದರಲ್ಲಿ ಒಳ್ಳೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಿದ್ದೆ. ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಿದ್ದವನು ನನ್ನ ಹಾಳೆಯಲ್ಲಿ 'ಸ್ವಲ್ಪ ಮುಂಗೋಪಿ, ಆದರೆ ಮೃದು ಹೃದಯಿ' ಆಗುತ್ತಿದ್ದ. ಸಭೆಯ ಹುಡುಗರು ನನ್ನನ್ನು ಕಂಡರೆ, "ಅಂಕಲ್, ನಮ್ದೂ ಈಗ್ಲೇ ಬರೆದಿಟ್ಬಿಡಿ, ಆಮೇಲೆ ನೀವಿರಲ್ಲ" ಎಂದು ರೇಗಿಸುತ್ತಿದ್ದರು.

ದಯಾಮಣಿ ಸಿಸ್ಟರ್ ನಮ್ಮ ಸಭೆಯವರು. ಚಿಕ್ಕಬಳ್ಳಾಪುರದ ಕಡೆಯ ಒಂದು ಹಳ್ಳಿಯಿಂದ ನರ್ಸ್ ತರಬೇತಿಗೆಂದು ಬಂದು ಬೆಂಗಳೂರಿನಲ್ಲೇ ಉಳಿದವರು. ಮದುವೆಯಾಗಲಿಲ್ಲ. ನಮ್ಮ ಮನೆಯ ಹಿಂದಿನ ಅಡ್ಡರಸ್ತೆಯಲ್ಲಿ ಒಂದು ಸಣ್ಣ ಮನೆಯಲ್ಲಿದ್ದರು. ನಿವೃತ್ತರಾದ ಮೇಲೂ ಆ ಬೀದಿಯಲ್ಲಿ ಯಾರಿಗೆ ಇಂಜೆಕ್ಷನ್ ಬೇಕಾದರೂ, ಗಾಯದ ಕಟ್ಟು ಬಿಚ್ಚಬೇಕಾದರೂ ಅವರ ಬಾಗಿಲನ್ನೇ ತಟ್ಟುತ್ತಿದ್ದರು. ತರಕಾರಿ ಗಾಡಿಯವರು, ಹೂ ಕಟ್ಟುವವರು, ಎದುರುಮನೆಯ ಅಯ್ಯಂಗಾರರ ಅಜ್ಜಿ, ಎಲ್ಲರೂ. ಆ ಅಜ್ಜಿ ಸ್ನಾನ ಮಾಡಿ ಮಡಿಯುಟ್ಟು ದೂರ ನಿಂತರೆ, "ಸೂಜಿಗೆ ಮೈಲಿಗೆ ಇಲ್ಲ ಕಣ್ರೀ, ತೋಳು ಕೊಡಿ" ಎನ್ನುತ್ತಿದ್ದರು. ಅಜ್ಜಿ ಬೈದುಕೊಂಡೇ ತೋಳು ಕೊಡುತ್ತಿದ್ದರು.

ಭಾನುವಾರ ಎಲ್ಲರಿಗಿಂತ ಮೊದಲು ದೇವಾಲಯಕ್ಕೆ ಬಂದು ಕರ್ತನ ಮೇಜಿಗೆ ಬಿಳಿ ಬಟ್ಟೆ ಹಾಸುವವರು ಅವರೇ. ಒಗೆದು ಇಸ್ತ್ರಿ ಮಾಡಿ ತರುವವರೂ ಅವರೇ. ಆಸ್ಪತ್ರೆಯ ಮಂಚಕ್ಕೆ ಹಾಸಿದ ಹಾಗೆ ಅದರ ಮೂಲೆಗಳನ್ನು ಒಳಕ್ಕೆ ಮಡಿಸಿ ಬಿಗಿಯಾಗಿ ಸಿಕ್ಕಿಸುತ್ತಿದ್ದರು. ಒಬ್ಬ ಹೊಸ ಅಯ್ಯನವರು, ನಾವು ಸಭಾಪಾಲಕರನ್ನು ಹಾಗೆ ಕರೆಯುವುದು, "ಸಿಸ್ಟರ್, ಇದೇನು ಪೇಷೆಂಟ್ ಮಲಗೋ ಜಾಗಾನಾ?" ಎಂದು ಕೇಳಿದಾಗ, "ಇಲ್ಲಿಗೆ ಆರೋಗ್ಯವಾಗಿರೋರು ಯಾರು ಬರ್ತಾರೆ ಅಯ್ಯನವರೇ" ಎಂದು ಹೇಳಿ ಇನ್ನೊಂದು ಮೂಲೆ ಸಿಕ್ಕಿಸಿದರು. ಹಾಡುವಾಗ ರಾಗ ತಪ್ಪುತ್ತಿದ್ದರು, ಅದನ್ನೂ ಗಟ್ಟಿಯಾಗಿಯೇ ತಪ್ಪುತ್ತಿದ್ದರು. ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಹಣ್ಣು ತರಕಾರಿಯನ್ನು ಹರಾಜು ಹಾಕುವಾಗ ಬೆಲೆ ಏರಲಿ ಎಂದು ಕೂಗುವರು. ಮುಂದೆ ಯಾರೂ ಕೂಗದೆ, ತಾವೇ ಕೊಟ್ಟಿದ್ದ ಕುಂಬಳಕಾಯಿಯನ್ನು ತಾವೇ ಹೊತ್ತುಕೊಂಡು ಮನೆಗೆ ಹೋಗುವರು.

ಇಷ್ಟೆಲ್ಲ ನಾನು ಸಲೀಸಾಗಿ ಬರೆಯಬಲ್ಲೆ. ಇನ್ನು ಬರೆಯಬೇಕಾದದ್ದು ಸಲೀಸಲ್ಲ.

ನನಗೆ ಇನ್ನೂ ಮದುವೆಯಾಗಿರದ ಕಾಲದಲ್ಲಿ ನನ್ನ ತಾಯಿಗೆ ಪಿತ್ತಕೋಶದ ಆಪರೇಷನ್ ಎಂದು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಆಸ್ಪತ್ರೆಯ ಹೆಸರು ಬೇಡ. ಅವರ ತಪ್ಪೇನೂ ಇರಲಿಲ್ಲ. ಆ ವಾರ್ಡಿನಲ್ಲಿ ದಯಾಮಣಿ ಸಿಸ್ಟರ್ ಇದ್ದರು. ನಮ್ಮ ಸಭೆಯವರೇ ಇದ್ದಾರೆ ಎಂದು ನಮಗೆಲ್ಲ ಧೈರ್ಯ. ಹಿಂದಿನ ಸಂಜೆಯೇ ಅವರು ನಮ್ಮಿಬ್ಬರಿಗೂ ಸ್ಪಷ್ಟವಾಗಿ ಹೇಳಿದ್ದರು: ಆಪರೇಷನ್ ಆಗುವವರೆಗೆ ಹೊಟ್ಟೆಗೆ ಏನೂ ಹೋಗಬಾರದು, ನೀರು ಕೂಡ. ಬೆಳಿಗ್ಗೆ ನಾನು ನನಗೆಂದು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದೆ. ಅದರ ವಾಸನೆಗೆ ತಾಯಿ ಎದ್ದು ಕೂತರು. ಕಾಫಿ ಇಲ್ಲದೆ ಅವರಿಗೆ ಬೆಳಗಾಗುತ್ತಿರಲಿಲ್ಲ. "ಒಂದೇ ಗುಟುಕು ಕೊಡೋ, ತಲೆ ಸಿಡೀತಿದೆ. ಯೇಸಪ್ಪನಾಣೆಗೂ ಯಾರ್ಗೂ ಹೇಳಲ್ಲ" ಎಂದರು. ಹೆದರಿಕೊಂಡಿದ್ದರು ಪಾಪ. ಕಾಫಿ ಅಷ್ಟೇ ತಾನೇ ಎಂದುಕೊಂಡೆ. ಒಂದು ಗುಟುಕು ಎಂದು ಕೊಟ್ಟದ್ದು ಒಂದು ಲೋಟವಾಯಿತು. ಅವರ ಬಾಯನ್ನು ಟವೆಲಿನಿಂದ ಒರೆಸಿ, ಆ ಟವೆಲನ್ನು ದಿಂಬಿನ ಕೆಳಗೆ ತುರುಕಿದೆ.

ಸ್ವಲ್ಪ ಹೊತ್ತಿಗೆ ದಯಾಮಣಿ ಸಿಸ್ಟರ್ ಬಂದು, "ಏನೂ ಕೊಟ್ಟಿಲ್ಲ ತಾನೇ?" ಎಂದು ನನ್ನನ್ನು ಕೇಳಿದರು. "ಇಲ್ಲ ಸಿಸ್ಟರ್" ಎಂದೆ. ತಾಯಿಯನ್ನೂ ಕೇಳಿದರು. ತಾಯಿ ತಲೆಯಾಡಿಸಿದರು. ಅರಿವಳಿಕೆ ಕೊಟ್ಟ ಮೇಲೆ ವಾಂತಿಯಾಗಿ, ಅದು ಶ್ವಾಸಕೋಶಕ್ಕೆ ಹೋಯಿತಂತೆ. ಸಂಜೆ ಹೊತ್ತಿಗೆ ತಾಯಿ ತೀರಿಕೊಂಡರು. ವಾರ್ಡಿನ ಹೊರಗೆ ದೊಡ್ಡ ಡಾಕ್ಟರು ದಯಾಮಣಿ ಸಿಸ್ಟರನ್ನು ನಿಲ್ಲಿಸಿಕೊಂಡು, "ಹೊಟ್ಟೆ ಖಾಲಿ ಇದೆಯಾ ಅಂತ ನೋಡ್ಬೇಕಾದ್ದು ಯಾರ ಕೆಲಸ?" ಎಂದು ಕೇಳಿದರು. "ನಂದು ಸರ್" ಎಂದರು ಅವರು. ಡಾಕ್ಟರು ಇನ್ನೂ ಏನೇನೋ ಬೈದರು. ನಾನು ಗೋಡೆಗೆ ಒರಗಿಕೊಂಡು ಅಲ್ಲೇ ನಿಂತಿದ್ದೆ. ಕೈ ಚಾಚಿದರೆ ಸಿಸ್ಟರ್ ಅವರ ಭುಜ ಸಿಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಅವರನ್ನು ಆ ವಾರ್ಡಿನಿಂದ ತೆಗೆದರು. ಹೆಡ್ ನರ್ಸ್ ಆಗಬೇಕಾದವರು ಆಗಲಿಲ್ಲ. ಅವರ ಕೈಕೆಳಗೆ ಕಲಿತ ಹುಡುಗಿ ಆದಳು. ನಿವೃತ್ತಿಯವರೆಗೂ ಹೊರರೋಗಿಗಳ ಕಡೆ, ಸಾಲಿನಲ್ಲಿ ನಿಂತವರ ಚೀಟಿ ನೋಡಿ ಒಳಗೆ ಬಿಡುವ ಕೆಲಸದಲ್ಲಿದ್ದರು. ನಮ್ಮ ಸಭೆಯಲ್ಲೂ ಗುಸುಗುಸು ಮಾತು ಬಂದಿತ್ತು: ಇವರ ಅಜಾಗರೂಕತೆಯಿಂದ ಒಂದು ಜೀವ ಹೋಯಿತಂತೆ ಎಂದು. ಆಗಲೂ ನಾನು ಬಾಯಿ ಬಿಡಲಿಲ್ಲ. ನನಗೆ ಬಿ.ಪಿ. ಶುರುವಾದ ಮೇಲೆ, ಕಂಡಾಗಲೆಲ್ಲ ಅವರು, "ಏನಪ್ಪಾ, ಮಾತ್ರೆ ಸರಿಯಾಗಿ ತಗೋತಿದೀಯಾ?" ಎಂದು ಕೇಳುತ್ತಿದ್ದರು. ಅವರಿಗೆ ಏನೂ ಗೊತ್ತಿಲ್ಲ ಎಂದು ನಾನು ನಂಬಿದ್ದೆ. ಅದೇ ನನ್ನ ಸಮಾಧಾನ, ಅದೇ ನನ್ನ ಸಂಕಟ. ಹೇಳಿಬಿಡಬೇಕು ಎಂದು ಎಷ್ಟೋ ಭಾನುವಾರ ಹೊರಟಿದ್ದೇನೆ. ಅವರು ಮೆಟ್ಟಿಲಿಳಿದು ಎದುರು ಬಂದಾಗ ಕೈ ಮುಗಿದು ಮುಂದೆ ಹೋಗಿದ್ದೇನೆ.

ಹೀಗೆ ನಾವಿಬ್ಬರೂ ಮುದುಕರಾದೆವು. ಅವರು ನನಗಿಂತ ದೊಡ್ಡವರು. ಒಂದು ದಿನ ನಿದ್ದೆಯಲ್ಲೇ ಹೋದರು. ಎನ್.ಆರ್. ಕಾಲೋನಿಯಲ್ಲಿರುವ ಅವರ ತಂಗಿಯ ಮಗಳು ಶೀಲಾ ನಮ್ಮ ಮನೆಗೆ ಬಂದು, "ಅಣ್ಣ, ದೊಡ್ಡಮ್ಮನ ಜೀವನಚರಿತ್ರೆ ನೀವೇ ಬರೀಬೇಕು. ನಿಮ್ಮನ್ನ ಕಂಡ್ರೆ ಅವರಿಗೆ ಏನೋ ಅಕ್ಕರೆ ಇತ್ತು" ಎಂದಳು.

ಆ ಸಂಜೆ ಬರೆಯಲು ಕೂತೆ. ಹುಟ್ಟು, ತರಬೇತಿ, ಸಭೆಯ ಸೇವೆ ಎಲ್ಲ ಸರಾಗವಾಗಿ ಬಂತು. ಆಸ್ಪತ್ರೆಯ ಕೆಲಸದ ಹತ್ತಿರ ಬಂದು ಪೆನ್ನು ನಿಂತಿತು. ಎದ್ದು ನೀರು ಕುಡಿದೆ, ಬೀದಿಗೆ ಹೋಗಿ ಬಂದೆ, ಮತ್ತೆ ಕೂತೆ. ಈಗ ಹೇಳದಿದ್ದರೆ ಇನ್ನು ಹೇಳುವ ಸಂದರ್ಭವೇ ಇಲ್ಲ ಎಂದು ಒಂದು ಕಡೆ. ಕೇಳಬೇಕಾದವರೇ ಹೋದ ಮೇಲೆ ಹೇಳಿ ಯಾರಿಗೇನು ಎಂದು ಇನ್ನೊಂದು ಕಡೆ. ಮಕ್ಕಳು, ಮೊಮ್ಮಕ್ಕಳು, ತಾಯಿಯನ್ನು ಕಳೆದುಕೊಂಡು ಅತ್ತ ನನ್ನ ತಂಗಿ, ಎಲ್ಲರೂ ಮುಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ನನ್ನ ಹೆಂಡತಿ ಲೀಲಾಗೂ ನಾನು ಹೇಳಿರಲಿಲ್ಲ. ಅವಳು ಒಳಗಿನಿಂದ, "ಎಷ್ಟು ಸಲ ಎದ್ದೆದ್ದು ಕೂತ್ಕೋತೀರಾ? ಪರೀಕ್ಷೆ ಬರೀತಿದೀರಾ?" ಎಂದಳು. ಕೊನೆಗೆ, 'ಆಸ್ಪತ್ರೆಯಲ್ಲಿ ದೀರ್ಘಕಾಲ ನಿಷ್ಠೆಯಿಂದ ಸೇವೆ ಸಲ್ಲಿಸಿದರು' ಎಂದು ಬರೆದು ಮುಗಿಸಿದೆ. ಹೇಳುವುದಿಲ್ಲ ಎಂದು ತೀರ್ಮಾನ ಮಾಡಿದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಪೂರ್ತಿ ಎಚ್ಚರದಲ್ಲಿ, ಯೋಚಿಸಿ, ಹೇಳುವುದಿಲ್ಲ ಎಂದೇ ತೀರ್ಮಾನ ಮಾಡಿದ್ದೆ.

ಮರುದಿನ ಮಧ್ಯಾಹ್ನ ದೇವಾಲಯ ತುಂಬಿತ್ತು. ಅವರ ಬೀದಿಯವರು, ಬೇರೆ ಧರ್ಮದವರು, ಚಪ್ಪಲಿ ಹೊರಗೆ ಬಿಟ್ಟು ಹಿಂದುಗಡೆ ಸಾಲಾಗಿ ನಿಂತಿದ್ದರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ಕೀರ್ತನೆ ಆಯಿತು, ಪ್ರಾರ್ಥನೆ ಆಯಿತು, ಅಯ್ಯನವರು ನನ್ನ ಹೆಸರು ಕರೆದರು. ನಾನು ವಾಕ್ಯ ಓದುವ ಮೇಜಿನ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ಹಾಳೆ ಬಿಡಿಸಿ ಓದಿದೆ. ಫ್ಯಾನಿನ ಗಾಳಿಗೆ ಹಾಳೆಯ ತುದಿ ಏಳುತ್ತಿತ್ತು, ಅದರ ಮೇಲೆ ಬೆರಳಿಟ್ಟುಕೊಂಡೆ. ಆಸ್ಪತ್ರೆಯ ಸಾಲನ್ನೂ ಬರೆದ ಹಾಗೆಯೇ ಓದಿದೆ. 'ಕರ್ತನಲ್ಲಿ ನಿದ್ರಿಸಿದರು' ಎಂಬ ಕೊನೆಯ ಸಾಲು ಓದಿ ಇಳಿದು ಬಂದೆ. ನನ್ನ ನೆನಪಿನಲ್ಲಿರುವುದು ಇಷ್ಟೇ. ಇವತ್ತೂ ಕಣ್ಣು ಮುಚ್ಚಿದರೆ ಆ ಕೊನೆಯ ಸಾಲಿನ ಅಕ್ಷರಗಳು ಕಾಣುತ್ತವೆ.

ಸಾಮಾನ್ಯವಾಗಿ ನಾನು ಇಳಿಯುತ್ತಿದ್ದಂತೆ ಮುಂದಿನ ಹಾಡು ಶುರುವಾಗಬೇಕು. ಆಗಲಿಲ್ಲ. ಯಾರೂ ಕೆಮ್ಮಲೂ ಇಲ್ಲ. ಬೆಂಚಿನ ಹತ್ತಿರ ಬಂದರೆ ಲೀಲಾ ಸರಿದು ಜಾಗ ಕೊಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಚೆನ್ನಾಗಿ ಓದಿದೆ ಅಂತ ಕಾಣುತ್ತದೆ ಎಂದುಕೊಂಡೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹೊರಡುವಾಗ ಬಾಗಿಲ ಬಳಿ ಶೀಲಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಇಷ್ಟು ವರ್ಷ ಹೇಗೆ ಒಳಗಿಟ್ಕೊಂಡಿದ್ರಿ ಅಣ್ಣ ಇದನ್ನ?"

"ಯಾವುದನ್ನಮ್ಮ?" ಎಂದೆ.

ಅವಳು ನನ್ನ ಕೈ ತಟ್ಟಿ ಹೋದಳು. ಸಮಾಧಿ ಸ್ಥಳಕ್ಕೆ ಹೋಗುವ ವ್ಯಾನಿನಲ್ಲಿ ಲೀಲಾ ಕಿಟಕಿಯ ಕಡೆ ಮುಖ ಮಾಡಿ, "ನಂಗಾದ್ರೂ ಮೊದ್ಲು ಹೇಳ್ಬಹುದಿತ್ತು" ಎಂದಳು.

"ಏನು ಹೇಳ್ಬೇಕಿತ್ತು?"

"ಕಾಫಿ ವಿಷ್ಯ."

ಕಾಫಿ ವಿಷಯ ಈ ಲೋಕದಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ನಿಧಾನವಾಗಿ ಅವಳ ಬಾಯಿಂದ ಒಂದೊಂದೇ ಮಾತು ಹೊರಡಿಸಿದೆ. ನಾನು ಅರ್ಧ ಹಾಳೆ ಓದಿ ನಿಲ್ಲಿಸಿದೆನಂತೆ. ಕನ್ನಡಕ ತೆಗೆದು ಮಡಿಸಿ ಜೇಬಿಗೆ ಹಾಕಿಕೊಂಡೆನಂತೆ. ಆಮೇಲೆ ಪೆಟ್ಟಿಗೆಯ ಕಡೆ ತಿರುಗಿ, ತಾಯಿಗೆ ಕಾಫಿ ಕೊಟ್ಟದ್ದು, ಕೊಟ್ಟಿಲ್ಲ ಎಂದು ಸುಳ್ಳು ಹೇಳಿದ್ದು, ಅವರು ಬೈಸಿಕೊಳ್ಳುವಾಗ ಗೋಡೆಗೆ ಒರಗಿ ನಿಂತದ್ದು, ಎಲ್ಲವನ್ನೂ ಹೇಳಿದೆನಂತೆ. "ಆ ಟವೆಲ್ ಸಿಸ್ಟರೇ ಬಚ್ಚಲಲ್ಲಿ ಕೂತು ಸೋಪ್ ಹಾಕಿ ಒಗೆದ್ರು ಅಂದ್ರಲ್ಲ, ಅದು ನಿಮ್ಗೆ ಹೇಗೆ ಗೊತ್ತಾಯ್ತು?" ಎಂದು ಲೀಲಾ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಆ ಟವೆಲನ್ನು ನಾನು ಮರೆತೇಬಿಟ್ಟಿದ್ದೆ. ಅವಳು ಹೇಳಿದ ಮೇಲೆ ನೆನಪಾಯಿತು: ತಾಯಿ ಹೋದ ಮರುದಿನ ಆಸ್ಪತ್ರೆಯಿಂದ ಅವರ ಸೀರೆ, ಬೈಬಲ್, ಬಾಚಣಿಗೆಯ ಜೊತೆ ಆ ಟವೆಲ್ ಕೂಡ ಬಂದಿತ್ತು. ಒಗೆದು, ಒಣಗಿಸಿ, ಮಡಿಸಿ ಇಟ್ಟಿತ್ತು. ಆಸ್ಪತ್ರೆಯ ಅಗಸರು ಒಗೆದಿರಬೇಕು ಎಂದುಕೊಂಡು, ನನ್ನ ಗುರುತು ಉಳಿಯಲಿಲ್ಲ ಎಂದು ಒಳಗೇ ನೆಮ್ಮದಿಪಟ್ಟಿದ್ದೆ.

ಮಣ್ಣು ಮಾಡಿದ ಮೇಲೆ ಒಬ್ಬ ಮುದುಕಿ ಕೋಲೂರಿಕೊಂಡು ನನ್ನ ಹತ್ತಿರ ಬಂದಳು. ಅಕ್ಕಿಪೇಟೆಯ ಮುನಿಯಮ್ಮ, ಆಗ ಆ ವಾರ್ಡಿನಲ್ಲಿ ಆಯಾ ಆಗಿದ್ದವಳು. ನನಗೆ ಗುರುತು ಹತ್ತಲಿಲ್ಲ, ಅವಳೇ ಹೇಳಿಕೊಂಡಳು. "ಸಿಸ್ಟ್ರಮ್ಮ ನಿಂಗೆ ಯಾವಾಗ್ ಹೇಳಿದ್ರಪ್ಪಾ?" ಎಂದಳು. "ನಾನಿರೋ ಗಂಟ ಯಾರ್ಗೂ ಹೇಳ್ಬ್ಯಾಡ ಅಂತ ನನ್ ಕೈಲಿ ಭಾಷೆ ತಗೊಂಡಿದ್ರು. ಮತ್ತೆ ಅವ್ರೇ ನಿಂಗೆ ಹೇಳ್ಬಿಟ್ರಾ?"

"ಏನು ಅಂತ ನೀನೇ ಹೇಳಮ್ಮ" ಎಂದೆ.

"ಅದೇ, ಅವತ್ತು ಸಂಜೆ ಹಾಸಿಗೆ ಬಿಚ್ತಿದ್ವಿ. ದಿಂಬಿನ್ ಕೆಳ್ಗೆ ಟವಲ್ಲು. ಕಾಫಿ ಕರೆ, ವಾಸ್ನೆ. ಇಬ್ಬರ್ಗೂ ಗೊತ್ತಾಯ್ತು. ತಗೊಂಡೋಗಿ ದೊಡ್ ಡಾಕ್ಟ್ರಿಗೆ ತೋರ್ಸಿ ಸಿಸ್ಟ್ರಮ್ಮ, ನಿಮ್ ಮೇಲಿನ್ ಮಾತು ಹೋಯ್ತದೆ ಅಂದೆ. ಅವ್ರು ಸೀದಾ ಬಚ್ಚಲ್ಗೋಗಿ ಸೋಪ್ ಹಾಕಿ ತಿಕ್ಕಿದ್ರು. ತಾಯಿ ಹೋಗವ್ಳೆ ಮುನಿಯಮ್ಮ, ಹುಡುಗನ್ ತಲೆ ಮೇಲೆ ಇದೂ ಬ್ಯಾಡ ಅಂದ್ರು." ಇಷ್ಟು ಹೇಳಿ ಅವಳು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. "ನಂಗೇನೋ ನಿನ್ ಮೇಲೆ ಸಿಟ್ಟಿತ್ತಪ್ಪ. ಇವತ್ತು ನಿನ್ ಬಾಯಲ್ಲೇ ಬಂತು. ಹೋಗ್ಲಿ ಬಿಡು."

ಬರಲಾಗದ ನೆಂಟರಿಗಾಗಿ ಈಗೆಲ್ಲ ಇಂಥ ಆರಾಧನೆಯನ್ನು ವಿಡಿಯೋ ಮಾಡುತ್ತಾರೆ. ಆ ವಿಡಿಯೋವನ್ನು ಒಂದು ಸಲ ನೋಡಿದೆ, ಎರಡನೇ ಸಲ ಧೈರ್ಯವಾಗಲಿಲ್ಲ. ಲೀಲಾ ಹೇಳಿದ ಹಾಗೆಯೇ ಇತ್ತು. ಕನ್ನಡಕ ತೆಗೆಯುವುದು ಕಾಣುತ್ತದೆ. ಕನ್ನಡಕವಿಲ್ಲದೆ ನನಗೆ ಒಂದು ಅಕ್ಷರವೂ ಓದಲು ಬರುವುದಿಲ್ಲ. ಧ್ವನಿ ನನ್ನದೇ. ಅಳುವಿಲ್ಲ, ತಡವರಿಕೆಯಿಲ್ಲ, ಯಾರದೋ ಕಥೆ ಹೇಳುವ ಹಾಗೆ ನಿಧಾನವಾಗಿ ಹೇಳುತ್ತಾ ಹೋಗುತ್ತೇನೆ. ಬಚ್ಚಲು, ಸೋಪು ಎಲ್ಲ ಬರುತ್ತದೆ, ಮುನಿಯಮ್ಮ ನನಗೆ ಹೇಳುವುದಕ್ಕಿಂತ ಮೊದಲೇ. ನಾನು ಓದಿದೆ ಎಂದು ಇಂದಿಗೂ ಕಣ್ಣಿಗೆ ಕಟ್ಟಿದಂತಿರುವ ಆ ಕೊನೆಯ ಸಾಲು ವಿಡಿಯೋದಲ್ಲಿ ಇಲ್ಲವೇ ಇಲ್ಲ.

ಮಗ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ತಲೆಯ ಸ್ಕ್ಯಾನ್ ಆಯಿತು. ಈ ವಯಸ್ಸಿನಲ್ಲಿ, ಅದರಲ್ಲೂ ಮನಸ್ಸಿಗೆ ತುಂಬ ಭಾರವಾದಾಗ, ಸ್ವಲ್ಪ ಹೊತ್ತು ನೆನಪು ಕೈಕೊಡುವುದುಂಟು ಎಂದರು. ಒಪ್ಪುತ್ತೇನೆ. ಹೇಳಿದ್ದನ್ನು ಮರೆತೆ ಎಂದೇ ಇಟ್ಟುಕೊಳ್ಳೋಣ. ಗೊತ್ತಿಲ್ಲದ್ದನ್ನು ಹೇಳಿದ್ದು ಹೇಗೆ? ಆ ಟವೆಲ್ಲಿನ ಮಡಿಕೆ ಕರ್ತನ ಮೇಜಿನ ಬಟ್ಟೆಯ ಮಡಿಕೆಯ ಹಾಗೇ ಇತ್ತೋ ಏನೋ, ಯಾರು ಒಗೆದದ್ದೆಂದು ನನಗೆ ಅವತ್ತೇ ಹೊಳೆದು ನಾನೇ ಅದನ್ನು ಮುಚ್ಚಿಟ್ಟುಕೊಂಡೆನೋ ಏನೋ. ಇರಬಹುದು. ಆದರೆ ಮಡಿಕೆ ನೋಡಿ ಬಚ್ಚಲಲ್ಲಿ ಕೂತದ್ದು ಗೊತ್ತಾಗುತ್ತದೆಯೇ? ಎಷ್ಟು ಬೆಳಗಿನ ಜಾವ ಇದನ್ನೇ ತಿರುವಿ ಹಾಕಿದ್ದೇನೆ. ಒಂದು ದಿನ ಸರಿ ಎನಿಸಿದ ವಿವರಣೆ ಮರುದಿನ ಸರಿ ಎನಿಸುವುದಿಲ್ಲ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಜನರ ಹೊಗಳಿಕೆ. "ಎಂಥಾ ದೊಡ್ಡ ಮನಸ್ಸು, ಇಡೀ ಸಭೆ ಮುಂದೆ ಒಪ್ಕೊಂಡ್ರಿ" ಎಂದು ಕೈ ಕುಲುಕುತ್ತಿದ್ದರು. ತಂಗಿ ಕೆಲವು ತಿಂಗಳು ಮಾತು ಬಿಟ್ಟಿದ್ದಳು. ಆಮೇಲೆ ಅವಳೂ ಬಂದು, ನೀನು ಹೇಳಿದ್ದರಿಂದ ನನ್ನ ಸಿಟ್ಟು ಇಳಿಯಿತು ಎಂದಳು. ನಾನು ಹೇಳಲಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಹೇಳುವುದಿಲ್ಲ ಎಂದು ತೀರ್ಮಾನಿಸಿದವನು ನಾನು. ಕ್ಷಮೆ ಸಿಕ್ಕಿದ್ದು ಬೇರೆ ಯಾರಿಗೋ, ಅವನ ಹೆಸರಿನಲ್ಲಿ ನಾನು ತಿರುಗುತ್ತಿದ್ದೇನೆ ಎನಿಸುತ್ತಿತ್ತು.

ಅಯ್ಯನವರ ಹತ್ತಿರ ಹೋಗಿ ಇದನ್ನು ಬಿಚ್ಚಿ ಹೇಳಿದೆ. ಅವರು ನನ್ನ ಮಗನಿಗಿಂತ ಚಿಕ್ಕವರು. "ಹೇಳಿದ್ದು ನಿಮ್ಮ ಬಾಯೇ ತಾನೇ ಅಂಕಲ್?" ಎಂದರು. "ಬಾಯಿ ನಂದೇ ಅಯ್ಯನವರೇ. ಹೇಳಿದ್ದು ನಾನಲ್ಲ. ಇದು ಒಪ್ಪಿಕೊಂಡ ಹಾಗೆ ಆಗುತ್ತಾ?" ಎಂದೆ. ಅವರು, "ನಂಗೊತ್ತಿಲ್ಲ ಅಂಕಲ್" ಎಂದರು. 'ಪ್ರಾರ್ಥನೆ ಮಾಡಿ' ಎಂದು ಸಾಗಹಾಕದೆ ಹಾಗೆ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಬಂತು.

ಹಾಗಾದರೆ ನಾನೇ ಹೇಳಬೇಕು, ನನ್ನ ಎಚ್ಚರದಲ್ಲಿ ಹೇಳಬೇಕು ಎಂದು ಒಂದು ಮನೆ ಪ್ರಾರ್ಥನೆಯಲ್ಲಿ ಸಾಕ್ಷಿಯ ಸಮಯಕ್ಕೆ ಎದ್ದು ನಿಂತೆ. "ನಮ್ಮ ತಾಯಿಗೆ ಆಪರೇಷನ್ ಆಗಬೇಕಿತ್ತು" ಎಂದು ಶುರುಮಾಡುವಷ್ಟರಲ್ಲಿ ಹಿರಿಯರೊಬ್ಬರು ನನ್ನ ತೋಳು ಹಿಡಿದು, "ಅದೆಲ್ಲ ಅವತ್ತೇ ಹೇಳಿ ಮುಗಿಸಿದ್ರಲ್ಲ ಬ್ರದರ್, ಎಷ್ಟು ಸಲ ಅಂತ ನೊಂದ್ಕೋತೀರಾ, ಕೂತ್ಕೊಳ್ಳಿ" ಎಂದು ಕೂರಿಸಿಬಿಟ್ಟರು. ಎಲ್ಲರೂ ಕನಿಕರದಿಂದ ತಲೆಯಾಡಿಸಿದರು. ಆಮೇಲೆ ಟೀ ಬಂತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ತೋಳು ಹಿಡಿದು ಕೂರಿಸಲಾರರು. ಕಾಫಿ ಕೊಟ್ಟವನು ನಾನು. ಕೊಟ್ಟಿಲ್ಲ ಎಂದವನು ನಾನು. ಅವರು ಬೈಸಿಕೊಳ್ಳುವಾಗ ಪಕ್ಕದಲ್ಲಿ ನಿಂತು ಸುಮ್ಮನಿದ್ದವನು ನಾನು, ಅವರ ಜೀವನಚರಿತ್ರೆಯಿಂದಲೂ ಅದನ್ನು ಬಿಟ್ಟವನು ನಾನು. ಇದನ್ನು ಈಗ ಹೇಳುತ್ತಿರುವವನೂ ನಾನೇ ಎಂದು ನನಗೆ ಖಚಿತವಾಗಬೇಕು. ಆದರೆ ಒಂದು ಸಲ ಹಾಗಾದ ಮೇಲೆ ನನ್ನ ಮೇಲೆ ನನಗೇ ಭರವಸೆ ಇಲ್ಲ. ಬರೆದು ಮುಗಿಸಿದ ಪ್ರತಿ ಪುಟವನ್ನೂ ಲೀಲಾ ಕೈಗೆ ಕೊಟ್ಟು, ಏನಿದೆಯೋ ಅದನ್ನು ಗಟ್ಟಿಯಾಗಿ ಓದು ಎನ್ನುತ್ತೇನೆ. ಅವಳು ಬೇಸರಪಡದೆ ಓದುತ್ತಾಳೆ. ನಾನು ಬರೆದೆ ಎಂದುಕೊಂಡದ್ದೇ ಇದೆಯೇ, ನನಗೆ ಗೊತ್ತಿಲ್ಲದ್ದು ಏನಾದರೂ ಸೇರಿದೆಯೇ ಎಂದು ಕೇಳಿಸಿಕೊಳ್ಳುತ್ತೇನೆ. ಇಲ್ಲಿಯವರೆಗೆ ಏನೂ ಸೇರಿಲ್ಲ. ಈ ಪುಟವನ್ನು ಅವಳು ಇನ್ನೂ ಓದಿಲ್ಲ.